ಇಳುವರಿಯ ಲೆಕ್ಕ: ಮೋರಿಸ್ ಚಾಂಗ್ ನಡೆದ ದಾರಿ ಮತ್ತು ನಮ್ಮ ಚಿಪ್ ಕನಸು

ಬೆಂಗಳೂರಿನ ಚಿಪ್ ಡಿಸೈನ್ ಕಂಪನಿಗಳಲ್ಲಿ 'ಟೇಪ್‌ಔಟ್' ಅಂತ ಒಂದು ದಿನ ಬರುತ್ತದೆ. ವರ್ಷ, ಒಂದೂವರೆ ವರ್ಷ ಕೂತು ಮಾಡಿದ ಡಿಸೈನನ್ನು ಫ್ಯಾಕ್ಟರಿಗೆ ಕಳಿಸುವ ದಿನ. ದಿನ ಅನ್ನುವುದಕ್ಕಿಂತ ರಾತ್ರಿ ಅನ್ನಬೇಕು. ಕೊನೆಯ ಚೆಕ್ ಮುಗಿಯುವ ಹೊತ್ತಿಗೆ ಎಷ್ಟೋ ಸಲ ನಡುರಾತ್ರಿ ದಾಟಿರುತ್ತದೆ. ಫೈಲು ಹೋಯಿತು ಅಂತ ಖಾತ್ರಿಯಾದ ಮೇಲೆ ಕೇಕ್ ಕತ್ತರಿಸುತ್ತಾರೆ, ಗ್ರೂಪ್ ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಕಾಯುವುದು. ಎರಡು ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ. ಕೊನೆಗೊಂದು ದಿನ ಕೊರಿಯರ್‌ನಲ್ಲಿ ಸಣ್ಣ ಡಬ್ಬಿ ಬರುತ್ತದೆ. ಒಳಗೆ ಉಗುರಿನಷ್ಟಗಲದ ಚಿಪ್‌ಗಳು. ಲ್ಯಾಬಿನಲ್ಲಿ ಬೋರ್ಡ್ ಮೇಲೆ ಕೂರಿಸಿ ಕರೆಂಟ್ ಕೊಡುವಾಗ ಇಡೀ ತಂಡ ಉಸಿರು ಬಿಗಿಹಿಡಿದು ಸುತ್ತ ನಿಂತಿರುತ್ತದೆ.

ಆ ಫೈಲು ಹೋಗುವುದು ಎಲ್ಲಿಗೆ? ಬಹಳ ಸಲ ತೈವಾನಿನ ಸಿಂಚು ಅನ್ನೋ ಊರಿಗೆ, ಟಿಎಸ್‌ಎಂಸಿ ಅನ್ನೋ ಕಂಪನಿಗೆ. ಆ ಕಂಪನಿಯನ್ನು ಕಟ್ಟಿದವರು ಮೋರಿಸ್ ಚಾಂಗ್. ಇವತ್ತು ಬೇರೆಯವರಿಗಾಗಿ ಚಿಪ್ ಮಾಡಿಕೊಡುವ ವ್ಯಾಪಾರದಲ್ಲಿ ಜಗತ್ತಿನ 60%ಗೂ ಹೆಚ್ಚು ಆದಾಯ ಈ ಒಂದೇ ಕಂಪನಿಯದು. ಅತಿ ಮುಂದುವರಿದ ಚಿಪ್‌ಗಳಲ್ಲಂತೂ ಹತ್ತರಲ್ಲಿ ಒಂಬತ್ತು ಅಲ್ಲಿಯವೇ. ನಿಮ್ಮ ಕೈಯಲ್ಲಿರುವ ಫೋನಿನ ಒಳಗೂ ಅವರ ಕೆಲಸ ಇರುವ ಸಾಧ್ಯತೆ ಜಾಸ್ತಿ.

ನಮ್ಮಲ್ಲಿ ಈಗ ಚಿಪ್ ಸುದ್ದಿ ಅಂದರೆ ಕೋಟಿ ಮತ್ತು ಎಕರೆಗಳ ಸುದ್ದಿ. ಇಷ್ಟು ಸಾವಿರ ಕೋಟಿ ಹೂಡಿಕೆ, ಇಷ್ಟು ಎಕರೆ ಜಮೀನು, ಇಷ್ಟು ಉದ್ಯೋಗ. ಚಾಂಗ್ ಅವರ ಬದುಕನ್ನು ಹತ್ತಿರದಿಂದ ನೋಡಿದರೆ ಇವೆಲ್ಲಕ್ಕಿಂತ ಮುಂಚೆ ಕೇಳಬೇಕಾದ ಲೆಕ್ಕ ಬೇರೆಯೇ ಇದೆ ಅನ್ನಿಸುತ್ತದೆ. ಅದು ಇಳುವರಿಯ ಲೆಕ್ಕ. ಇಂಜಿನಿಯರುಗಳು 'ಯೀಲ್ಡ್' ಅನ್ನುತ್ತಾರೆ. ಹೊಲಕ್ಕೂ ಚಿಪ್ ಫ್ಯಾಕ್ಟರಿಗೂ ಒಂದೇ ಮಾತು ಸಾಕು, ಯಾಕಂದ್ರೆ ಇರುವುದು ಒಂದೇ ಚಿಂತೆ: ಹಾಕಿದ್ದರಲ್ಲಿ ಕೈಗೆ ಸಿಕ್ಕಿದ್ದೆಷ್ಟು?

ಸ್ವಲ್ಪ ವಿವರವಾಗಿ ನೋಡೋಣ. ಚಿಪ್‌ಗಳನ್ನು ಒಂದೊಂದಾಗಿ ಮಾಡುವುದಿಲ್ಲ. ವೇಫರ್ ಅನ್ನೋ ಸಿಲಿಕಾನ್ ತಟ್ಟೆಯ ಮೇಲೆ ಒಟ್ಟಿಗೇ ಮಾಡುತ್ತಾರೆ. ಈಗಿನ ದೊಡ್ಡ ಫ್ಯಾಕ್ಟರಿಗಳ ವೇಫರ್ 12 ಇಂಚು ಅಗಲ, ಅಂದರೆ ಮನೆಯ ದೋಸೆ ಹೆಂಚಿನಷ್ಟು. ತೆಳ್ಳಗೆ, ಕನ್ನಡಿಯ ಹಾಗೆ ಹೊಳೆಯುತ್ತದೆ. ಚಿಪ್ ಒಂದರ ಅಳತೆ ಒಂದು ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲ ಇದ್ದರೆ ಒಂದು ತಟ್ಟೆಯಲ್ಲಿ ಸುಮಾರು 600 ಹಿಡಿಯುತ್ತವೆ. ಒಂದು ವೇಫರ್ ತಯಾರಿಸಲು 3 ಲಕ್ಷ ರೂಪಾಯಿ ಖರ್ಚು ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. 600ಕ್ಕೆ 600 ಚೆನ್ನಾಗಿದ್ದರೆ ಚಿಪ್ಪಿಗೆ 500 ರೂಪಾಯಿ ಬಿತ್ತು. ಅರ್ಧ ಕೆಟ್ಟರೆ ಒಂದು ಸಾವಿರ. 60 ಮಾತ್ರ ಉಳಿದರೆ 5 ಸಾವಿರ. ಕಟ್ಟಡ ಅದೇ, ಯಂತ್ರ ಅದೇ, ಕರೆಂಟ್ ಬಿಲ್ಲೂ ಅದೇ. ಒಬ್ಬ ಲಾಭ ಮಾಡುತ್ತಾನೆ, ಇನ್ನೊಬ್ಬ ಬಾಗಿಲು ಮುಚ್ಚುತ್ತಾನೆ.

ಕೆಡುವುದು ಯಾಕೆ? ವೇಫರ್ ನೂರಾರು ಹಂತ ದಾಟಿ ಬರಬೇಕು. ಪದರ ಹಾಕುವುದು, ಬೆಳಕಿನಿಂದ ಚಿತ್ರ ಮೂಡಿಸುವುದು, ಕೊರೆಯುವುದು, ತೊಳೆಯುವುದು, ಮತ್ತೆ ಪದರ. 500 ಹಂತ ಅಂತಿಟ್ಟುಕೊಳ್ಳಿ. ಒಂದೊಂದು ಹಂತದಲ್ಲೂ ನೂರಕ್ಕೆ 99 ಸರಿ ಬಂದರೆ ಕೊನೆಗೆ ಉಳಿಯುವುದೆಷ್ಟು? ನೂರಕ್ಕೆ ಒಂದು ಚಿಪ್ಪೂ ಉಳಿಯುವುದಿಲ್ಲ. 99.9 ಸರಿ ಬಂದರೆ ಸುಮಾರು 60 ಉಳಿಯುತ್ತವೆ. ನಮ್ಮ ಪರೀಕ್ಷೆಗಳಲ್ಲಿ 99 ಅಂದರೆ ರ‍್ಯಾಂಕ್. ಇಲ್ಲಿ 99 ಅಂದರೆ ಫೇಲು. ಗಾಳಿಯಲ್ಲಿನ ಒಂದು ಧೂಳಿನ ಕಣ, ಒಲೆಯ ಬಿಸಿಯಲ್ಲಿ ಒಂದೆರಡು ಡಿಗ್ರಿ ಹೆಚ್ಚುಕಮ್ಮಿ, ತೊಳೆಯುವ ನೀರಿನಲ್ಲಿ ಲವಲೇಶ ಕಲ್ಮಶ, ಯಾವುದು ಬೇಕಾದರೂ ಬೆಳೆ ತಿನ್ನಬಹುದು.

ಚಾಂಗ್ ಈ ಲೆಕ್ಕದೊಳಗೆ ಬಂದಿದ್ದು ಆಕಸ್ಮಿಕವಾಗಿ. 1931ರಲ್ಲಿ ಚೀನಾದ ನಿಂಗ್ಬೋದಲ್ಲಿ ಹುಟ್ಟಿದವರು. ಬಾಲ್ಯವೆಲ್ಲ ಯುದ್ಧದಿಂದ ತಪ್ಪಿಸಿಕೊಂಡು ಊರೂರು ಅಲೆದದ್ದು. ಗುವಾಂಗ್‌ಝೌ, ಹಾಂಗ್‌ಕಾಂಗ್, ಚೊಂಗ್‌ಚಿಂಗ್, ಶಾಂಘೈ. 1949ರಲ್ಲಿ ಅಮೆರಿಕಕ್ಕೆ ಹೋದರು. ಹಾರ್ವರ್ಡ್‌ನಲ್ಲಿ ಒಂದು ವರ್ಷ ಓದಿ, ಎಂಐಟಿಗೆ ಬದಲಾಯಿಸಿ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಮಾಡಿದರು. ಡಾಕ್ಟರೇಟ್‌ಗೆ ಅರ್ಹತಾ ಪರೀಕ್ಷೆ ಬರೆದರು. ಫೇಲಾದರು. ಮತ್ತೆ ಬರೆದರು. ಮತ್ತೆ ಫೇಲಾದರು. ಓದು ಅಲ್ಲಿಗೆ ನಿಂತಿತು, ಕೆಲಸ ಹುಡುಕಬೇಕಾಯಿತು.

1955ರಲ್ಲಿ ಎರಡು ಕಡೆಯಿಂದ ಕರೆ ಬಂತು. ಫೋರ್ಡ್ ಕಾರ್ ಕಂಪನಿ ತಿಂಗಳಿಗೆ 479 ಡಾಲರ್ ಕೊಡುತ್ತೇವೆ ಅಂದಿತು. ಸಿಲ್ವೇನಿಯಾ ಅನ್ನೋ ಕಂಪನಿ 480 ಅಂದಿತು. ಚಾಂಗ್‌ಗೆ ಮನಸ್ಸಿದ್ದದ್ದು ಫೋರ್ಡ್ ಕಡೆಗೆ. ಸಂಬಳ ಸ್ವಲ್ಪ ಏರಿಸುತ್ತೀರಾ ಅಂತ ಕೇಳಿದರು. ಆಗಲ್ಲ ಅಂದರು. ಬೇಸರದಿಂದ ಸಿಲ್ವೇನಿಯಾ ಸೇರಿದರು. ಅಲ್ಲಿ ಆಗಷ್ಟೇ ಶುರುವಾಗಿದ್ದ ಟ್ರಾನ್ಸಿಸ್ಟರ್ (ಕರೆಂಟನ್ನು ಹಿಡಿದು ಬಿಡುವ ಪುಟ್ಟ ಸ್ವಿಚ್) ವಿಭಾಗ ಇವರ ಪಾಲಿಗೆ ಬಂತು. ಮೆಕ್ಯಾನಿಕಲ್ ಓದಿದವರಿಗೆ ಟ್ರಾನ್ಸಿಸ್ಟರ್ ಬಗ್ಗೆ ಏನೂ ಗೊತ್ತಿರಲಿಲ್ಲ. ಹಗಲು ಕೆಲಸ, ರಾತ್ರಿ ಪಠ್ಯಪುಸ್ತಕ. ಹಾಗೆ ಕಲಿತರು.

1958ರಲ್ಲಿ ಡಲ್ಲಾಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸೇರಿದಾಗ ಅವರಿಗೆ 27ರ ಆಸುಪಾಸು. ಅದೇ ಬೇಸಿಗೆಯಲ್ಲಿ ಅದೇ ಕಂಪನಿಯಲ್ಲಿ ಜ್ಯಾಕ್ ಕಿಲ್ಬಿ ಇಂಟಿಗ್ರೇಟೆಡ್ ಸರ್ಕ್ಯೂಟ್, ಅಂದರೆ ಇವತ್ತಿನ ಚಿಪ್ಪಿನ ಮೊದಲ ರೂಪ, ಮಾಡಿದರು. ಆ ಕೆಲಸಕ್ಕೆ ಮುಂದೆ ನೊಬೆಲ್ ಬಂತು. ಚಾಂಗ್‌ಗೆ ಸಿಕ್ಕಿದ್ದು ಐಬಿಎಂ ಕಂಪನಿಗೆ ಟ್ರಾನ್ಸಿಸ್ಟರ್ ಮಾಡಿಕೊಡುವ ಒಂದು ಪ್ರೊಡಕ್ಷನ್ ಲೈನ್. ಅದರ ಇಳುವರಿ ಹೆಚ್ಚುಕಮ್ಮಿ ಸೊನ್ನೆ. ಮಾಡಿದ್ದೆಲ್ಲ ಕಸದ ಬುಟ್ಟಿಗೆ. ಯಾರಿಗೂ ಬೇಡವಾದ ಲೈನ್ ಅದು.

ಅವರು ಮಾಡಿದ್ದು ನೋಡೋಕೆ ತುಂಬಾ ಸಾಮಾನ್ಯ ಕೆಲಸ. ಬಿಸಿ ಎಷ್ಟಿದ್ದಾಗ ಏನಾಗುತ್ತದೆ, ಒತ್ತಡ ಎಷ್ಟಿದ್ದಾಗ ಏನಾಗುತ್ತದೆ ಅಂತ ಒಂದೊಂದನ್ನೇ ಬದಲಿಸಿ, ಬರೆದಿಟ್ಟುಕೊಂಡು, ಮತ್ತೆ ಬದಲಿಸಿದರು. ಕೆಲವೇ ತಿಂಗಳಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸಿಸ್ಟರ್ ಪಾಸಾಗತೊಡಗಿದವು. ಇಪ್ಪತ್ತು ಕಡಿಮೆ ಅನ್ನಿಸಬಹುದು. ಆದರೆ ಅದೇ ಟ್ರಾನ್ಸಿಸ್ಟರನ್ನು ಸ್ವತಃ ಮಾಡುತ್ತಿದ್ದ ಐಬಿಎಂಗೇ ಅಷ್ಟು ಬರುತ್ತಿರಲಿಲ್ಲ. ಅವರ ಜನ ಡಲ್ಲಾಸ್‌ಗೆ ಬಂದು ಹೇಗೆ ಮಾಡಿದಿರಿ ಅಂತ ಕೇಳಿದರು. ಕಂಪನಿಯ ಮೇಲಿನವರ ಕಣ್ಣಿಗೂ ಚಾಂಗ್ ಬಿದ್ದರು. ಕಂಪನಿಯೇ ಖರ್ಚು ಹಾಕಿ ಸ್ಟ್ಯಾನ್‌ಫರ್ಡ್‌ಗೆ ಕಳಿಸಿತು. ಎಂಐಟಿಯಲ್ಲಿ ಎರಡು ಸಲ ತಪ್ಪಿಹೋದ ಡಾಕ್ಟರೇಟ್ 1964ರಲ್ಲಿ ಸಿಕ್ಕಿತು.

ಈ ಘಟನೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಟೆಕ್ ಉದ್ಯಮಿ ಅಂದಾಕ್ಷಣ ಗ್ಯಾರೇಜು, ಇಪ್ಪತ್ತರ ಹುಡುಗ, ಹೊಳೆದ ಒಂದು ಐಡಿಯಾ ಅಂತ ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟಿದೆ. ಚಾಂಗ್ ತಮ್ಮ ಕಂಪನಿ ಶುರುಮಾಡಿದ್ದು 55 ದಾಟಿದ ಮೇಲೆ. ಅದಕ್ಕೆ ಮುಂಚೆ ಮೂವತ್ತು ವರ್ಷ ಬೇರೆಯವರ ಹತ್ತಿರ ಸಂಬಳಕ್ಕೆ ದುಡಿದರು. ಆ ಮೂವತ್ತು ವರ್ಷವೇ ಅವರ ಬಂಡವಾಳ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಅವರು ಕಲಿತ ಇನ್ನೆರಡು ಪಾಠಗಳನ್ನು ಹೇಳಲೇಬೇಕು. ಒಂದು, ಬೆಲೆಯದು. ಹೊಸ ಚಿಪ್ ಬಂದಾಗ ಮೊದಲು ದುಬಾರಿ ಬೆಲೆ ಇಟ್ಟು ಲಾಭ ತೆಗೆಯುವುದು ಆಗಿನ ರೂಢಿ. ಚಾಂಗ್ ಅದನ್ನು ತಿರುಗಿಸಿದರು. ಮೊದಲೇ ಬೆಲೆ ಇಳಿಸು, ಗಿರಾಕಿ ಬರುತ್ತಾರೆ, ಹೆಚ್ಚು ಮಾಡುತ್ತೀಯ, ಮಾಡುತ್ತಾ ಮಾಡುತ್ತಾ ಕೈ ಪಳಗುತ್ತದೆ, ಇಳುವರಿ ಏರುತ್ತದೆ, ಖರ್ಚು ತಾನಾಗಿ ಇಳಿಯುತ್ತದೆ. ಇನ್ನೊಂದು, ಜನರದು. ಕಂಪನಿಯ ಜಪಾನ್ ಘಟಕದಲ್ಲಿ ಇಳುವರಿ ಟೆಕ್ಸಾಸ್‌ಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಇದ್ದದ್ದನ್ನು ಅವರು ಕಂಡರು. ಯಂತ್ರಗಳು ಒಂದೇ ಥರದವು. ವ್ಯತ್ಯಾಸ ಇದ್ದದ್ದು ಯಂತ್ರದ ಮುಂದೆ ನಿಂತವರಲ್ಲಿ. ಜಪಾನಿನ ಟೆಕ್ನಿಷಿಯನ್ನುಗಳು ಚೆನ್ನಾಗಿ ತರಬೇತಾದವರು, ಕೆಲಸ ಬಿಟ್ಟು ಹೋಗುತ್ತಿದ್ದದ್ದು ತೀರಾ ಕಡಿಮೆ. ಅಮೆರಿಕದಲ್ಲಿ ಒಬ್ಬ ಕಲಿತು ಪಳಗುವಷ್ಟರಲ್ಲಿ ಬೇರೆ ಕಡೆ ಹೋಗಿರುತ್ತಿದ್ದ. ಏಷ್ಯಾದಲ್ಲಿ ಫ್ಯಾಕ್ಟರಿ ಕಟ್ಟಬಹುದು ಅನ್ನೋ ನಂಬಿಕೆ ಅವರಿಗೆ ಹುಟ್ಟಿದ್ದು ಆಗ.

1972ಕ್ಕೆ ಸೆಮಿಕಂಡಕ್ಟರ್, ಅಂದರೆ ಚಿಪ್, ವಿಭಾಗದ ಮುಖ್ಯಸ್ಥರಾದರು. ಮುಂದೆ ಅವರನ್ನು ಕ್ಯಾಲ್ಕುಲೇಟರ್, ಮನೆಬಳಕೆಯ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಹಾಕಿದರು. ಅಲ್ಲಿ ಚೆನ್ನಾಗಿ ನಡೆಯಲಿಲ್ಲ. ಕಂಪನಿಯ ತುದಿಯ ಹುದ್ದೆ ತಮಗೆ ಸಿಗುವುದಿಲ್ಲ ಅಂತ ಗೊತ್ತಾಯಿತು. 25 ವರ್ಷ ದುಡಿದ ಜಾಗ ಬಿಟ್ಟು 1983ರಲ್ಲಿ ಹೊರಬಂದರು. ಜನರಲ್ ಇನ್‌ಸ್ಟ್ರುಮೆಂಟ್ ಅನ್ನೋ ಇನ್ನೊಂದು ಕಂಪನಿಯಲ್ಲಿ ಸ್ವಲ್ಪ ಕಾಲ ಇದ್ದು ಅದನ್ನೂ ಬಿಟ್ಟರು.

ಈಗ 1985ಕ್ಕೆ ಬರೋಣ. ಆ ವರ್ಷ ಎರಡು ಸಂಗತಿ ನಡೆದವು.

ಒಂದು ನಮ್ಮ ಬೆಂಗಳೂರಿನಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ತನ್ನ ಡಿಸೈನ್ ಕೇಂದ್ರ ತೆರೆಯಿತು. ಹೊರದೇಶದ ಚಿಪ್ ಕಂಪನಿಯೊಂದು ಭಾರತದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಡೇಟಾ ಕಳಿಸಲು ಬೇಕಾದ ಸ್ಯಾಟಲೈಟ್ ಡಿಶ್ಶನ್ನು ಎತ್ತಿನಗಾಡಿಯಲ್ಲಿ ತಂದ ಕತೆಯನ್ನು ಹಳಬರು ಈಗಲೂ ಹೇಳುತ್ತಾರೆ. ಅಲ್ಲಿಂದ ಶುರುವಾದದ್ದು ಬೆಳೆದು ಬೆಳೆದು, ಇವತ್ತು ಜಗತ್ತಿನ ಚಿಪ್ ಡಿಸೈನ್ ಇಂಜಿನಿಯರುಗಳಲ್ಲಿ ಐವರಲ್ಲಿ ಒಬ್ಬರು ಭಾರತದವರು ಅನ್ನುವ ಮಟ್ಟಕ್ಕೆ ಬಂದಿದೆ. ಅವರಲ್ಲಿ ದೊಡ್ಡ ಪಾಲು ಇರುವುದು ಬೆಂಗಳೂರಿನಲ್ಲೇ.

ಇನ್ನೊಂದು ತೈವಾನಿನಲ್ಲಿ. ಅಲ್ಲಿನ ಸರ್ಕಾರ ಚಾಂಗ್ ಅವರನ್ನು ಕರೆಸಿಕೊಂಡು, ಐಟಿಆರ್‌ಐ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆಯ ಹೊಣೆ ಕೊಟ್ಟಿತು. ಅವರು ಆ ದ್ವೀಪದಲ್ಲಿ ಹುಟ್ಟಿದವರಲ್ಲ, ಅಲ್ಲಿ ಬದುಕಿದವರೂ ಅಲ್ಲ. ಬಂದ ಕೆಲವೇ ವಾರಗಳಲ್ಲಿ ಮಂತ್ರಿ ಕೆ.ಟಿ. ಲೀ, ಚಾಂಗ್ ಅವರನ್ನು ಕೂರಿಸಿಕೊಂಡು, ಇಲ್ಲೊಂದು ಚಿಪ್ ಕಂಪನಿ ಆಗಬೇಕು, ಯೋಜನೆ ಮಾಡಿಕೊಡಿ ಅಂದರು.

ಚಾಂಗ್ ತೈವಾನಿನ ಕೈಯಲ್ಲಿ ಏನಿದೆ ಅಂತ ಎಣಿಸಿದರು. ಸಂಶೋಧನೆಯಲ್ಲಿ ಹಿಂದೆ. ಡಿಸೈನಿನಲ್ಲಿ ಹಿಂದೆ. ಮಾರಾಟದಲ್ಲಿ ಹೆಸರೇ ಇಲ್ಲ. 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ತಂತ್ರಜ್ಞಾನ ತಂದು ನಡೆಸುತ್ತಿದ್ದ ಒಂದು ಸಣ್ಣ ಪ್ರಯೋಗಾಲಯದ ಲೈನ್ ಇತ್ತು. ಅದರ ಇಳುವರಿ ಮಾತ್ರ ಚೆನ್ನಾಗಿತ್ತು. ಹಾಗಾದರೆ ಮಾಡುವುದನ್ನಷ್ಟೇ ಮಾಡೋಣ, ಡಿಸೈನು ಬೇರೆಯವರದ್ದೇ ಇರಲಿ ಅಂತ ತೀರ್ಮಾನಿಸಿದರು.

ಇದು ಯಾಕೆ ಹೊಸತು ಅಂತ ತಿಳಿಯಬೇಕಾದರೆ ನಮ್ಮ ಊರಿನ ಹಿಟ್ಟಿನ ಗಿರಣಿ ನೆನಪು ಮಾಡಿಕೊಳ್ಳಿ. ಆವತ್ತಿನ ಚಿಪ್ ಜಗತ್ತಿನಲ್ಲಿ ಎಲ್ಲರ ಮನೆಯಲ್ಲೂ ಬೀಸುವ ಕಲ್ಲು ಇತ್ತು. ಇಂಟೆಲ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಮೊಟರೋಲಾ, ಎಲ್ಲರೂ ತಮ್ಮ ಚಿಪ್ ತಾವೇ ಡಿಸೈನ್ ಮಾಡಿ ತಮ್ಮ ಫ್ಯಾಕ್ಟರಿಯಲ್ಲೇ ತಯಾರಿಸುತ್ತಿದ್ದರು. ಕಲ್ಲು ಇಲ್ಲದ ಸಣ್ಣವರು ಪಕ್ಕದ ಮನೆಗೆ ಹೋಗಿ ಕೇಳಿಕೊಳ್ಳಬೇಕಿತ್ತು. ಅವರ ಬೀಸಾಟ ಮುಗಿದು, ಬಿಡುವಿದ್ದರೆ, ಇವರದ್ದು. ಜೊತೆಗೆ ನಿಮ್ಮ ಕಾಳಿನ ಗುಟ್ಟೂ ಅವರಿಗೆ ಗೊತ್ತಾಗುತ್ತದೆ, ನಾಳೆ ಅವರೇ ಅದನ್ನು ಸಂತೆಗೆ ತರಬಹುದು. ಚಾಂಗ್ ತೆರೆದದ್ದು ಗಿರಣಿ. ನಿಮ್ಮ ರಾಗಿ ನೀವು ತನ್ನಿ, ಬೀಸಿಕೊಡುತ್ತೇವೆ, ಕೂಲಿ ಕೊಡಿ. ನಾವು ಹಿಟ್ಟಿನಂಗಡಿ ಇಡುವುದಿಲ್ಲ. ನಿಮ್ಮ ರಾಗಿಯನ್ನು ಇನ್ನೊಬ್ಬರದಕ್ಕೆ ಬೆರೆಸುವುದಿಲ್ಲ. ಟಿಎಸ್‌ಎಂಸಿ ಇವತ್ತಿಗೂ ತನ್ನ ಹೆಸರಿನಲ್ಲಿ ಒಂದು ಚಿಪ್ಪನ್ನೂ ಮಾರುವುದಿಲ್ಲ.

ಕೇಳಲು ಸರಳ. ಆದರೆ ಆಗ ಗಿರಣಿಗೆ ಕಾಳು ತರುವವರು ಇನ್ನೂ ಹುಟ್ಟಿರಲೇ ಇಲ್ಲ! ಸ್ವಂತ ಫ್ಯಾಕ್ಟರಿ ಇಲ್ಲದ ಡಿಸೈನ್ ಕಂಪನಿಗಳು ಬೆರಳೆಣಿಕೆಯಷ್ಟಿದ್ದವು. ಚಾಂಗ್ ದುಡ್ಡು ಕೇಳಿದಾಗ ಇಂಟೆಲ್ ಒಲ್ಲೆ ಅಂತು, ಅವರ ಹಳೆಯ ಕಂಪನಿಯೂ ಒಲ್ಲೆ ಅಂತು. ಎಎಂಡಿ ಅನ್ನೋ ಚಿಪ್ ಕಂಪನಿಯ ಮುಖ್ಯಸ್ಥ ಜೆರ್‍ರಿ ಸ್ಯಾಂಡರ್ಸ್ ಆ ಕಾಲದಲ್ಲಿ, ಗಂಡಸಾದವನಿಗೆ ಸ್ವಂತ ಫ್ಯಾಬ್ (ಚಿಪ್ ಫ್ಯಾಕ್ಟರಿ) ಇರಬೇಕು ಅಂತ ಹೇಳುತ್ತಿದ್ದರು. ಅದೇ ಎಎಂಡಿ 2009ರಲ್ಲಿ ತನ್ನ ಫ್ಯಾಕ್ಟರಿಗಳನ್ನು ಬೇರ್ಪಡಿಸಿತು. ಈಗ ಅದರ ಮುಖ್ಯ ಚಿಪ್‌ಗಳು ತಯಾರಾಗುವುದು ಚಾಂಗ್ ಕಟ್ಟಿದ ಗಿರಣಿಯಲ್ಲಿ.

ಕೊನೆಗೆ 1987ರಲ್ಲಿ ಕಂಪನಿ ಹುಟ್ಟಿತು. ದುಡ್ಡು ಎಲ್ಲಿಂದ ಬಂತು ಅನ್ನುವುದು ನಮಗೆ ಬೇಕಾದ ವಿಷಯ. 48.3% ತೈವಾನ್ ಸರ್ಕಾರದ್ದು. 27.5% ಹಾಲೆಂಡಿನ ಫಿಲಿಪ್ಸ್ ಕಂಪನಿಯದು, ಅದು ತಂತ್ರಜ್ಞಾನವನ್ನೂ ಕೊಟ್ಟಿತು. ಉಳಿದದ್ದು ತೈವಾನಿನ ಶ್ರೀಮಂತ ಉದ್ಯಮಿಗಳದ್ದು. ಅವರಿಗೆ ಇದರಲ್ಲಿ ಒಂಚೂರೂ ನಂಬಿಕೆ ಇರಲಿಲ್ಲ. ಸರ್ಕಾರ ಒತ್ತಾಯ ಮಾಡಿ ಹಾಕಿಸಿತು. ಗಮನಿಸಿ, ಸರ್ಕಾರ ಕೊಟ್ಟದ್ದು ಸಬ್ಸಿಡಿ ಅಲ್ಲ, ಷೇರು ಬಂಡವಾಳ. ಲಾಭ ಬಂದರೆ ಪಾಲು, ನಷ್ಟವಾದರೆ ಅದರಲ್ಲೂ ಪಾಲು. ಇವತ್ತಿಗೂ ಸರ್ಕಾರದ ನಿಧಿಯ ಬಳಿ ಸುಮಾರು 6% ಷೇರು ಉಳಿದಿದೆ. ಅಷ್ಟರ ಬೆಲೆಯೇ ಈಗ ಲಕ್ಷಾಂತರ ಕೋಟಿ ರೂಪಾಯಿ.

ನಮ್ಮ ಸೆಮಿಕಂಡಕ್ಟರ್ ಮಿಷನ್ 2021ರ ಡಿಸೆಂಬರ್‌ನಲ್ಲಿ ಶುರುವಾಯಿತು. 76 ಸಾವಿರ ಕೋಟಿ ರೂಪಾಯಿ ಇಟ್ಟರು. ಫ್ಯಾಕ್ಟರಿ ಖರ್ಚಿನ ಅರ್ಧದಷ್ಟನ್ನು ಕೇಂದ್ರವೇ ಕೊಡುತ್ತದೆ, ಮೇಲೆ ರಾಜ್ಯಗಳದ್ದು ಬೇರೆ. ಇದು ಸಹಾಯಧನ. ಇಷ್ಟು ದೊಡ್ಡ ಕೆಲಸಕ್ಕೆ ಸರ್ಕಾರದ ದುಡ್ಡು ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ತೈವಾನಿನದ್ದೂ ಸರ್ಕಾರಿ ದುಡ್ಡೇ. ಆದರೆ ಜನರ ತೆರಿಗೆಯ ದುಡ್ಡು ಅರ್ಧ ಖರ್ಚು ಹೊರುವಾಗ, ಮುಂದೆ ಬರುವ ಲಾಭದಲ್ಲಿ ಜನರಿಗೂ ಷೇರು ಇರಬೇಕಲ್ವಾ? ಈ ಪ್ರಶ್ನೆ ನಮ್ಮಲ್ಲಿ ಸಾಕಷ್ಟು ಚರ್ಚೆ ಆಗಿಲ್ಲ.

ದುಡ್ಡು ಇದ್ದರೆ ಆಯಿತು ಅಂತ ಅಲ್ಲ. ಅದಕ್ಕೆ ನಮ್ಮದೇ ಪಂಜಾಬಿನ ಮೊಹಾಲಿ ಸಾಕ್ಷಿ. ಅಲ್ಲಿನ ಸರ್ಕಾರಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1984ರಲ್ಲೇ ಚಿಪ್ ಮಾಡತೊಡಗಿತು. ಟಿಎಸ್‌ಎಂಸಿ ಹುಟ್ಟುವುದಕ್ಕೆ ಮೂರು ವರ್ಷ ಮುಂಚೆ! ಚಿಪ್ ಮೇಲಿನ ಗೆರೆಯ ಅಳತೆ ಸಣ್ಣದಾದಷ್ಟೂ ತಂತ್ರಜ್ಞಾನ ಮುಂದುವರಿದದ್ದು. ಮೊಹಾಲಿಯವರು 5 ಮೈಕ್ರಾನ್‌ನಲ್ಲಿ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಶುರುಮಾಡಿ ಕೆಲವೇ ವರ್ಷಗಳಲ್ಲಿ 0.8 ಮೈಕ್ರಾನ್‌ವರೆಗೆ ಬಂದಿದ್ದರು. ಸಣ್ಣ ಸಾಧನೆ ಅಲ್ಲ. 1989ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಎಲ್ಲ ಸುಟ್ಟುಹೋಯಿತು. ಮತ್ತೆ ಎದ್ದು ನಿಲ್ಲಲು ವರ್ಷಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಜಗತ್ತು ಎಲ್ಲಿಗೋ ಹೋಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿಯವರ ಕೈಗೆ ಕೊಟ್ಟ, ಇಸ್ರೋ ರಾಕೆಟ್ಟುಗಳಿಗಾಗಿ ಮಾಡಿದ 'ವಿಕ್ರಮ್' ಪ್ರೊಸೆಸರ್ ತಯಾರಾಗಿದ್ದು ಅದೇ ಮೊಹಾಲಿಯಲ್ಲಿ, 180 ನ್ಯಾನೊಮೀಟರ್‌ನಲ್ಲಿ, ಅಂದರೆ 0.18 ಮೈಕ್ರಾನ್‌ನಲ್ಲಿ. ರಾಕೆಟ್ಟಿಗೆ ಬೇಕಾದ್ದು ಗಟ್ಟಿತನ, ಅದಕ್ಕೆ ಆ ಅಳತೆ ಸಾಕು. ಆದರೆ ಬೆಂಕಿಯ ನಂತರ ಕಳೆದ ವರ್ಷಗಳಲ್ಲಿ ಒಂದು ಇಡೀ ತಲೆಮಾರಿನ ಕೈಗೆ ಇಳುವರಿ ಏರಿಸುವ ಕೆಲಸವೇ ಸಿಗಲಿಲ್ಲ. ನನಗೆ ಕಟ್ಟಡ ಸುಟ್ಟದ್ದಕ್ಕಿಂತ ಅದು ದೊಡ್ಡ ನಷ್ಟವಾಗಿ ಕಾಣುತ್ತದೆ.

ಟಿಎಸ್‌ಎಂಸಿಯ ಮೊದಲ ವರ್ಷಗಳು ಸುಲಭ ಇರಲಿಲ್ಲ. ತಂತ್ರಜ್ಞಾನದಲ್ಲಿ ಮುಂದಿದ್ದವರಿಗಿಂತ ಎರಡು ತಲೆಮಾರಿಗೂ ಹೆಚ್ಚು ಹಿಂದೆ ಇದ್ದರು. ಸಿಗುತ್ತಿದ್ದದ್ದು ದೊಡ್ಡವರು ಬೇಡ ಅಂದ ಚಿಲ್ಲರೆ ಕೆಲಸ. 1988ರಲ್ಲಿ ಇಂಟೆಲ್‌ನ ಆಂಡಿ ಗ್ರೋವ್ ಬಂದರು. ಅವರ ಇಂಜಿನಿಯರುಗಳು ಫ್ಯಾಕ್ಟರಿಯನ್ನು ಜಾಲಾಡಿ ಇನ್ನೂರಕ್ಕೂ ಹೆಚ್ಚು ತಪ್ಪು ಪಟ್ಟಿ ಮಾಡಿದರು. ಚಾಂಗ್ ತಂಡ ಒಂದೊಂದನ್ನೇ ಸರಿಪಡಿಸಿ, ಇಂಟೆಲ್‌ನ ಒಪ್ಪಿಗೆ ಪಡೆಯಿತು. ಆ ಒಪ್ಪಿಗೆಯೇ ಬೇರೆ ಗಿರಾಕಿಗಳಿಗೆ ಧೈರ್ಯ ಕೊಟ್ಟಿತು.

ಗಿರಣಿ ಬಂದಮೇಲೆ ಕಾಳು ಬೆಳೆಯುವವರೂ ಬಂದರು. ಸ್ವಂತ ಫ್ಯಾಕ್ಟರಿಯ ಹಂಗಿಲ್ಲದೆ, ಕಂಪ್ಯೂಟರ್ ಮತ್ತು ಒಳ್ಳೆಯ ತಲೆ ಇದ್ದರೆ ಚಿಪ್ ಕಂಪನಿ ಮಾಡಬಹುದು ಅಂತಾಯಿತು. ಕ್ವಾಲ್ಕಾಮ್, ಬ್ರಾಡ್‌ಕಾಮ್, ಎನ್ವಿಡಿಯಾ ಬೆಳೆದದ್ದು ಹಾಗೆ. ಎನ್ವಿಡಿಯಾದ ಜೆನ್ಸನ್ ಹುವಾಂಗ್ ಆಗಿನ್ನೂ ಪುಟ್ಟ ಕಂಪನಿಯ ಒಡೆಯ. ಚಾಂಗ್ ಅವರಿಗೊಂದು ಪತ್ರ ಬರೆದರು. ಉತ್ತರವಾಗಿ ಬಂದದ್ದು ಖುದ್ದು ಚಾಂಗ್ ಅವರ ಫೋನು. ಬೆಂಗಳೂರಿನ ಡಿಸೈನ್ ಉದ್ಯಮ ಇಷ್ಟು ಬೆಳೆದದ್ದಕ್ಕೂ ಈ ಏರ್ಪಾಡೇ ದೊಡ್ಡ ಕಾರಣ. ಡಿಸೈನೂ ತಯಾರಿಯೂ ಒಂದೇ ಸೂರಿನಡಿ ಇರಬೇಕಿಲ್ಲ ಅಂತಾದಾಗಲೇ ಡಿಸೈನು ಬೆಂಗಳೂರಿಗೆ ಹರಿದು ಬರಲು ದಾರಿಯಾಯಿತು.

2005ರಲ್ಲಿ, 74ರ ಹತ್ತಿರ ಬಂದ ಚಾಂಗ್, ಸಿಇಒ ಹುದ್ದೆ ಬಿಟ್ಟುಕೊಟ್ಟರು. 2008ರ ಆರ್ಥಿಕ ಕುಸಿತ ಬಂತು. ಹೊಸ ಆಡಳಿತ ಖರ್ಚು ಕಡಿಮೆ ಮಾಡಲು ಒಂದಷ್ಟು ಜನರನ್ನು ಕೆಲಸದಿಂದ ತೆಗೆಯಿತು. ಅವರು ಬೀದಿಗಿಳಿದರು, ಚಾಂಗ್ ಮನೆಯ ಹತ್ತಿರವೇ ಧರಣಿ ಕೂತರು. 2009ರ ಜೂನ್‌ನಲ್ಲಿ ಚಾಂಗ್ ವಾಪಸ್ ಬಂದರು. ತೆಗೆದವರನ್ನು ಮತ್ತೆ ಕರೆದರು. ಎಲ್ಲರೂ ಕೈ ಬಿಗಿ ಹಿಡಿದಿದ್ದಾಗ ಹೂಡಿಕೆಯನ್ನು ಎರಡು ಪಟ್ಟಿಗೂ ಹೆಚ್ಚು ಮಾಡಿದರು. 2009ರಲ್ಲಿ ಸುಮಾರು 270 ಕೋಟಿ ಡಾಲರ್ ಇದ್ದದ್ದು 2010ಕ್ಕೆ ಸುಮಾರು 590 ಕೋಟಿಗೆ ಏರಿತು. ಸ್ಮಾರ್ಟ್‌ಫೋನ್ ಬರುತ್ತಿದೆ, ಅದಕ್ಕೆಲ್ಲ ಚಿಪ್ ಬೇಕಾಗುತ್ತದೆ ಅನ್ನುವುದು ಅವರ ಲೆಕ್ಕ. ಆ ಹೊತ್ತಿಗೆ ಕಂಪನಿಯ 40 ನ್ಯಾನೊಮೀಟರ್ ಚಿಪ್‌ಗಳ ಇಳುವರಿ ಕೆಟ್ಟು ಎನ್ವಿಡಿಯಾಗೆ ದೊಡ್ಡ ನಷ್ಟವಾಗಿತ್ತು. ಚಾಂಗ್ ಜೆನ್ಸನ್ ಮನೆಗೇ ಹೋಗಿ, ಮಾತಾಡಿ, ಪರಿಹಾರ ಕೊಟ್ಟು ಬಗೆಹರಿಸಿಕೊಂಡರು. ವಕೀಲರ ಮೂಲಕ ಎಳೆದಾಡಿದ್ದರೆ ಈ ಇಬ್ಬರ ಕತೆ ಬೇರೆಯೇ ಆಗುತ್ತಿತ್ತು.

ಆಮೇಲೆ ಆಪಲ್ ಬಂತು. 2014ರ ಐಫೋನ್ 6ರಿಂದ ಆಪಲ್‌ನ ಮುಖ್ಯ ಚಿಪ್ ತೈವಾನಿನಲ್ಲಿ ತಯಾರಾಗತೊಡಗಿತು. ಅದುವರೆಗೆ ಅದನ್ನು ಮಾಡುತ್ತಿದ್ದ ಸ್ಯಾಮ್‌ಸಂಗ್, ಆಪಲ್ ಎದುರೇ ಫೋನ್ ಮಾರುತ್ತಿತ್ತು. ಗಿರಾಕಿ ಜೊತೆ ಪೈಪೋಟಿ ಮಾಡುವುದಿಲ್ಲ ಅನ್ನೋ 1987ರ ಮಾತಿಗೆ 27 ವರ್ಷದ ಮೇಲೆ ಬಂದ ಫಲ ಇದು. 2018ರ ಜೂನ್‌ನಲ್ಲಿ, 86ನೇ ವಯಸ್ಸಿನಲ್ಲಿ, ಚಾಂಗ್ ನಿವೃತ್ತರಾದರು.

ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ ರಾತ್ರಿ ಒಂದು ಗಂಟೆಗೆ ಯಂತ್ರ ಕೆಟ್ಟರೆ ಮಾರನೆಯ ಬೆಳಿಗ್ಗೆ ರಿಪೇರಿ ಆಗುತ್ತದೆ, ತೈವಾನಿನಲ್ಲಾದರೆ ಎರಡು ಗಂಟೆಗೇ ಆಗುತ್ತದೆ ಅಂತ ಅವರು ಹೆಮ್ಮೆಯಿಂದ ಹೇಳಿದ್ದಾರೆ. ಫೋನ್ ಬಂದ ಇಂಜಿನಿಯರ್ ಎದ್ದು ಹೊರಡುತ್ತಾನೆ, ಹೆಂಡತಿ ವಿಷಯ ತಿಳಿದು ಮತ್ತೆ ಮಲಗುತ್ತಾಳೆ ಅಂತ. ಕಂಪನಿ ಒಂದು ಕಾಲಕ್ಕೆ ಸಂಶೋಧನಾ ವಿಭಾಗವನ್ನೇ ಮೂರು ಪಾಳಿಯಲ್ಲಿ, ರಾತ್ರಿಯಿಡೀ ನಡೆಸಿತು. ಆ ದುಡಿಮೆಯ ಫಲ ಕಣ್ಣಿಗೆ ಕಾಣುತ್ತದೆ. ಆದರೆ ಆ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಂಡವರ ದುಡಿಮೆ ಯಾವ ಲೆಕ್ಕದಲ್ಲೂ ಬರುವುದಿಲ್ಲ. 2024ರಲ್ಲಿ ಕರ್ನಾಟಕದಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾಪ ಬಂದಾಗ ನೌಕರರ ಸಂಘಟನೆಗಳು ವಿರೋಧಿಸಿದ್ದು ಸರಿಯಾಗಿಯೇ ಇತ್ತು. ನಿದ್ದೆಗೆಟ್ಟ ಕಣ್ಣು ತಪ್ಪು ಹುಡುಕುವುದಿಲ್ಲ. ಜಪಾನಿನಲ್ಲಿ ಚಾಂಗ್ ಕಂಡದ್ದು ತರಬೇತಿ ಮತ್ತು ಬಿಟ್ಟುಹೋಗದ ಜನರನ್ನು. ನಾವು ಕಲಿಯಬೇಕಾದ್ದು ಅದನ್ನು.

ಅಮೆರಿಕದಲ್ಲಿ ಚಿಪ್ ತಯಾರಿಸುವ ಬಗ್ಗೆ ಅವರಿಗಿದ್ದ ಅನುಮಾನವೂ ಪೂರ್ತಿ ನಿಜವಾಗಲಿಲ್ಲ. ಅಮೆರಿಕದ ಅರಿಜೋನಾದಲ್ಲಿ ಫ್ಯಾಕ್ಟರಿ ಕಟ್ಟುವುದು ದುಬಾರಿ ಅಂತ ಅವರು ಬಹಿರಂಗವಾಗಿಯೇ ಹೇಳಿದ್ದರು. ದುಬಾರಿ ಆಗಿದ್ದು ನಿಜ, ತಡವಾಗಿದ್ದೂ ನಿಜ. ಆದರೆ 2024ರ ಅಕ್ಟೋಬರ್‌ನಲ್ಲಿ, ಅಲ್ಲಿನ ಇಳುವರಿ ತೈವಾನಿನ ಅಂಥದ್ದೇ ಘಟಕಗಳಿಗಿಂತ ತುಸು ಹೆಚ್ಚೇ ಇದೆ ಅನ್ನೋ ಸುದ್ದಿ ಬಂತು. ಅದಕ್ಕೆ ಮುಂಚೆ ಅಮೆರಿಕದ ನೂರಾರು ಇಂಜಿನಿಯರುಗಳನ್ನು ತೈವಾನಿಗೆ ಕರೆಸಿ ತಿಂಗಳುಗಟ್ಟಲೆ ತರಬೇತಿ ಕೊಟ್ಟಿದ್ದರು, ತೈವಾನಿನವರು ಅರಿಜೋನಾಕ್ಕೆ ಹೋಗಿ ಪಕ್ಕದಲ್ಲಿ ನಿಂತಿದ್ದರು. ಈ ಸುದ್ದಿ ನಮಗೆ ಧೈರ್ಯ ಕೊಡಬೇಕು. ಇಳುವರಿ ಯಾವುದೋ ಒಂದು ನೆಲದ ಗುಣ ಅಲ್ಲ, ಕಲಿತವರ ಜೊತೆ ನಿಂತು ಕಲಿಯಬಹುದಾದದ್ದು.

ಈ ಕಣ್ಣಿಂದ ನಮ್ಮ ಯೋಜನೆಗಳನ್ನು ನೋಡಿದರೆ ಕೆಲವು ಸಂಗತಿ ಬೇರೆಯಾಗಿ ಕಾಣುತ್ತವೆ. ಮೈಸೂರಿನ ಕತೆ ನೆನಪಿರಬಹುದು. 2022ರ ಮೇ ತಿಂಗಳಲ್ಲಿ ಐಎಸ್‌ಎಂಸಿ ಅನ್ನೋ ಕೂಟ 22,900 ಕೋಟಿಯ ಫ್ಯಾಬ್ ಕಟ್ಟುವುದಾಗಿ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಪತ್ರಿಕೆಗಳ ಮುಖಪುಟದಲ್ಲಿ ಬಂತು. ತಂತ್ರಜ್ಞಾನ ಕೊಡಬೇಕಿದ್ದ ಇಸ್ರೇಲಿನ ಟವರ್ ಕಂಪನಿಯನ್ನು ಇಂಟೆಲ್ ಕೊಳ್ಳಲು ಹೊರಟಿತ್ತು. ಆ ಗೊಂದಲದಲ್ಲಿ ಯೋಜನೆ ನಿಂತೇ ಹೋಯಿತು. ಜಮೀನು, ನೀರು, ಕರೆಂಟ್ ಎಲ್ಲದರ ಮಾತೂ ಆಗಿತ್ತು. ಲೈನ್ ಮುಂದೆ ನಿಂತು ಕೈಹಿಡಿದು ಕಲಿಸುವವರು ಮಾತ್ರ ಯಾರದೋ ವ್ಯವಹಾರದ ತೀರ್ಮಾನಕ್ಕೆ ಕಟ್ಟುಬಿದ್ದಿದ್ದರು. ಒಪ್ಪಂದದ ಸುದ್ದಿ ಓದುವಾಗ ನಾವು ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಹಾಗಂತ ಮೈಸೂರಿಗೆ ಏನೂ ಇಲ್ಲ ಅಂತಲ್ಲ. ಮೈಸೂರಿನದ್ದೇ ಕೇನ್ಸ್ ಟೆಕ್ನಾಲಜಿ ಗುಜರಾತಿನ ಸಾಣಂದ್‌ನಲ್ಲಿ ಸುಮಾರು 3,300 ಕೋಟಿಯ ಘಟಕಕ್ಕೆ 2024ರಲ್ಲಿ ಒಪ್ಪಿಗೆ ಪಡೆಯಿತು. ಅದು ಬೇರೆ ಕಡೆ ತಯಾರಾದ ಚಿಪ್ಪನ್ನು ಕತ್ತರಿಸಿ, ಕವಚ ಹಾಕಿ, ಪರೀಕ್ಷೆ ಮಾಡುವ ಕೆಲಸ. ಇದನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ತೈವಾನ್ ಕೂಡ 1960ರ ದಶಕದಲ್ಲಿ ಇಂಥ ಜೋಡಣೆಯ ಕೆಲಸದಿಂದಲೇ ಶುರುಮಾಡಿತ್ತು.

ದೊಡ್ಡ ಪರೀಕ್ಷೆ ಇರುವುದು ಗುಜರಾತಿನದ್ದೇ ಧೊಲೇರಾದಲ್ಲಿ. ಟಾಟಾ ಎಲೆಕ್ಟ್ರಾನಿಕ್ಸ್ ಅಲ್ಲಿ 91 ಸಾವಿರ ಕೋಟಿಯ ಫ್ಯಾಬ್ ಕಟ್ಟುತ್ತಿದೆ. ತಂತ್ರಜ್ಞಾನ ತೈವಾನಿನ ಪವರ್‌ಚಿಪ್ ಕಂಪನಿಯದು, ಅದೂ ಸಿಂಚು ಊರಿನದ್ದೇ. ಗುರಿ ತಿಂಗಳಿಗೆ 50 ಸಾವಿರ ವೇಫರ್, ಅಳತೆ 28ರಿಂದ 110 ನ್ಯಾನೊಮೀಟರ್. ಹಳೆಯ ತಂತ್ರಜ್ಞಾನ ಯಾಕೆ ಅಂತ ಕೇಳುವವರಿಗೆ, ಕಾರು, ಫ್ರಿಜ್ಜು, ಕರೆಂಟ್ ಮೀಟರಿನಲ್ಲಿ ಇರುವುದು ಇಂಥ ಚಿಪ್ಪೇ ಅಂತ ಹೇಳಬೇಕು. ಚಾಂಗ್ ಕೂಡ ಎರಡು ತಲೆಮಾರು ಹಿಂದಿನದರಿಂದಲೇ ಹೊರಟವರು. ಆದರೆ ಈ ಅಳತೆಯಲ್ಲಿ ಚೀನಾ ಈಗ ರಾಶಿ ರಾಶಿ ಚಿಪ್ ಮಾಡುತ್ತಿದೆ, ಬೆಲೆ ಇಳಿಯುತ್ತಿದೆ. ಹಾಗಾಗಿ ಇಳುವರಿ ಬೇಗ ಏರದಿದ್ದರೆ ಸಬ್ಸಿಡಿ ಎಷ್ಟು ಕೊಟ್ಟರೂ ಲೆಕ್ಕ ಕೂಡುವುದಿಲ್ಲ.

ಟಾಟಾ ತನ್ನ ಇಂಜಿನಿಯರುಗಳನ್ನು ತಂಡ ತಂಡವಾಗಿ ತೈವಾನಿಗೆ ತರಬೇತಿಗೆ ಕಳಿಸುತ್ತಿದೆ. ಇಡೀ ಯೋಜನೆಯಲ್ಲಿ ನಾನು ಹೆಚ್ಚು ಆಸೆಯಿಂದ ನೋಡುತ್ತಿರುವುದು ಇದನ್ನೇ. ಬಿಳಿ ಅಂಗಿ, ಮುಖಗವಸು ತೊಟ್ಟು, ಬೇರೆಯವರ ಫ್ಯಾಕ್ಟರಿಯಲ್ಲಿ ಒಂದೊಂದು ಹಂತವನ್ನೂ ಬರೆದಿಟ್ಟುಕೊಂಡು ಕಲಿಯುತ್ತಿರುವ ಇಪ್ಪತ್ತೇಳರ ಆಸುಪಾಸಿನ ಹುಡುಗ ಹುಡುಗಿಯರು. ಅವರು ವಾಪಸ್ ಬಂದ ಮೇಲೆ ಐದು ವರ್ಷ, ಹತ್ತು ವರ್ಷ ಅದೇ ಲೈನಿನಲ್ಲಿ ಉಳಿಯುವಂಥ ಸಂಬಳ ಇರುತ್ತದಾ? ಧೊಲೇರಾದಂಥ ಬಯಲಿನಲ್ಲಿ ಮಕ್ಕಳಿಗೆ ಶಾಲೆ, ಆಸ್ಪತ್ರೆ, ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಲು ವಾಹನ ಇರುತ್ತದಾ? ಮೊದಲ ವೇಫರ್‌ಗಳ ಇಳುವರಿ ಕಡಿಮೆಯೇ ಇರುತ್ತದೆ. ಡಲ್ಲಾಸ್‌ನ ಆ ಲೈನಿನದ್ದು ಸೊನ್ನೆ ಇತ್ತು. ಆಗ ಅವರಿಗೆ ಕೊಡುವ ಸಮಯ ಎಷ್ಟು ಅನ್ನುವುದನ್ನು ದೆಹಲಿ, ಗಾಂಧಿನಗರ ಮತ್ತು ಕಂಪನಿ ಈಗಲೇ ಕೂತು ತೀರ್ಮಾನಿಸಿಕೊಂಡಿರಬೇಕು.